ಗುದ್ದಲಿ ಒಳಗಿಟ್ಟ ವರ್ಷ

ಇಂಗ್ಲೆಂಡಿನಲ್ಲಿ ನಾವು ಕೊಂಡ ಈ ಮನೆಯ ಬೀಗದ ಕೈ ಸಿಕ್ಕಿದ್ದು ಅಕ್ಟೋಬರ್ ಕೊನೆಯಲ್ಲಿ. ಹಿತ್ತಲಿನಲ್ಲಿ ಹುಲ್ಲುಹಾಸು, ಬೇಲಿಯುದ್ದಕ್ಕೂ ಬರಿಮಣ್ಣಿನ ಪಾತಿ, ಮೂಲೆಯಲ್ಲಿ ಒಣಗಿದ ಹೂಗೊಂಚಲು ಹೊತ್ತು ನಿಂತ ಒಂದು ಹೈಡ್ರೇಂಜಿಯಾ. ಹನ್ನೊಂದು ವರ್ಷ ಬಾಡಿಗೆ ಫ್ಲಾಟುಗಳಲ್ಲೇ ಕಳೆದಿದ್ದ ನನಗೆ ಕೈ ಸುಮ್ಮನಿರಲಿಲ್ಲ. ಮೊದಲ ಶನಿವಾರವೇ ಕತ್ತರಿ ಹಿಡಿದು ಹೈಡ್ರೇಂಜಿಯಾವನ್ನು ಮೊಣಕಾಲೆತ್ತರಕ್ಕೆ ಸವರಿಬಿಟ್ಟೆ.

ಪಾತಿ ಅಗೆಯಲು ಗುದ್ದಲಿ ಎತ್ತಿದಾಗ ಪಕ್ಕದ ಮನೆಯ ಹಿರಿಯ ಮಹಿಳೆ ಬೇಲಿಯಾಚೆಯಿಂದ ತಡೆದರು. ‘ಅದರಡಿ ಏನಿದೆಯೋ ನಿಮಗೆ ಗೊತ್ತಿಲ್ಲ. ಒಂದು ವರ್ಷ ಸುಮ್ಮನೆ ನೋಡಿ’ ಎಂದರು. ಒಲ್ಲದ ಮನಸ್ಸಿನಿಂದಲೇ ಗುದ್ದಲಿ ಒಳಗಿಟ್ಟೆ.

ಡಿಸೆಂಬರಿನಲ್ಲಿ ಇಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಕೆಲಸಕ್ಕೆ ಹೊರಡುವಾಗಲೂ ಕತ್ತಲೆ, ಮರಳುವಾಗಲೂ ಕತ್ತಲೆ. ತೋಟ ಕಣ್ಣಿಗೆ ಬೀಳುತ್ತಿದ್ದುದು ವಾರಾಂತ್ಯದಲ್ಲಿ ಮಾತ್ರ. ಜನವರಿ ಕೊನೆಯ ಒಂದು ಭಾನುವಾರ ಪಾತಿಯಲ್ಲಿ ಹಸಿರು ಮೊನೆಗಳು ಕಂಡವು. ಮಂಡಿಯೂರಿ ನೋಡಿದೆ. ಒಂದು ಮೊನೆ ಕೊಳೆತ ತರಗೆಲೆಯನ್ನು ನಡುವೆ ತೂತು ಮಾಡಿ ಮೇಲೆದ್ದಿತ್ತು. ಎಲೆ ಅದರ ಕೊರಳಿಗೆ ಪಟ್ಟಿಯಂತೆ ಸಿಕ್ಕಿಕೊಂಡಿತ್ತು. ವಾರ ಕಳೆಯುವಷ್ಟರಲ್ಲಿ ತಲೆತಗ್ಗಿಸಿದ ಬಿಳಿ ಹೂ, ಒಳದಳಗಳ ತುದಿಯಲ್ಲಿ ಹಸಿರು ಗುರುತು: ಸ್ನೋಡ್ರಾಪ್. ಮಾರ್ಚಿನಲ್ಲಿ ಡ್ಯಾಫೊಡಿಲ್, ಏಪ್ರಿಲ್ ಕೊನೆಗೆ ಕೆಂಪು ಟ್ಯುಲಿಪ್. ಎಲ್ಲವೂ ನಾನು ಅಗೆಯಲು ಹೊರಟಿದ್ದ ಜಾಗದಲ್ಲೇ! ಮನೆಯ ಪತ್ರಗಳಲ್ಲಿ ಹೆಸರನ್ನಷ್ಟೇ ಕಂಡ ಯಾರೋ ಒಬ್ಬರು ಯಾವುದೋ ಶರತ್ಕಾಲದಲ್ಲಿ ಇಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದೇ ಗೆಡ್ಡೆ ಹೂತಿದ್ದರು. ಅವರಿಗೆ ಕೃತಜ್ಞತೆ ಹೇಳುವ ದಾರಿ ನನಗಿಲ್ಲ.

ಹೂ ಉದುರಿದ ಮೇಲೆ ಡ್ಯಾಫೊಡಿಲ್ ಎಲೆಗಳು ಜೋತುಬಿದ್ದು ಅಂದಗೆಡುತ್ತವೆ. ಆದರೂ ಆರು ವಾರವಾದರೂ ಕೊಯ್ಯಬಾರದು, ಜಡೆಯಂತೆ ಗಂಟು ಹಾಕಲೂಬಾರದು. ಮುಂದಿನ ವರ್ಷದ ಹೂವಿಗೆ ಗೆಡ್ಡೆ ಆಹಾರ ಕೂಡಿಟ್ಟುಕೊಳ್ಳುವುದು ಆ ಎಲೆಗಳಿಂದಲೇ. ಅವು ಪೂರ್ತಿ ಮಾಯವಾಗುವ ಮೊದಲು ಪ್ರತಿ ಗುಂಪಿನ ಪಕ್ಕ ಒಂದು ಕಡ್ಡಿ ನೆಟ್ಟೆ. ಬೇಸಿಗೆಯಲ್ಲಿ ನೆಲ ಮತ್ತೆ ಬರಿದಾಗಿ ಕಾಣುತ್ತದಲ್ಲ, ಆಗ ಗುದ್ದಲಿಗೆ ಅದೇ ಗುರುತು. ಗಿಡಬೇಲಿಯನ್ನೂ ಆಗಸ್ಟ್ ಮುಗಿಯುವವರೆಗೆ ಮುಟ್ಟಲಿಲ್ಲ. ಹಕ್ಕಿ ಬಳಸುತ್ತಿರುವ ಗೂಡನ್ನು ಬೇಕೆಂದೇ ಕೆಡಿಸುವುದು 1981ರ ವನ್ಯಜೀವಿ ಕಾಯ್ದೆಯಂತೆ ಇಲ್ಲಿ ಅಪರಾಧ. ಕಾಯ್ದೆ ಇಲ್ಲದಿದ್ದರೂ, ಬಾಯಿ ತುಂಬ ಹುಳು ಕಚ್ಚಿಕೊಂಡು ಒಳಹೊಕ್ಕ ಕಪ್ಪುಹಕ್ಕಿಯನ್ನು ಕಂಡ ಮೇಲೆ ಕತ್ತರಿ ಎತ್ತಲು ನನ್ನಿಂದಾಗುತ್ತಿರಲಿಲ್ಲ.

ಹೈಡ್ರೇಂಜಿಯಾ ಮಾತ್ರ ಬೇಸಿಗೆಯಿಡೀ ಬರೀ ಎಲೆ. ಈ ಜಾತಿಯದು ಹಿಂದಿನ ವರ್ಷದ ಕಾಂಡದಲ್ಲೇ ಮೊಗ್ಗು ಕಟ್ಟಿಟ್ಟುಕೊಂಡಿರುತ್ತದೆ; ಅವನ್ನೆಲ್ಲ ನಾನೇ ಕತ್ತರಿಸಿ ಎಸೆದಿದ್ದೆ. ಜುಲೈನಲ್ಲಿ ಪಕ್ಕದ ಮನೆಯ ಗಿಡ ನೀಲಿಯಾಗಿ ತುಂಬಿಕೊಂಡಾಗ ಸಂಕಟವಾಯಿತು. ಒಣಗೊಂಚಲನ್ನು ಚಳಿಗಾಲವಿಡೀ ಹಾಗೇ ಬಿಟ್ಟರೆ ಕೆಳಗಿನ ಮೊಗ್ಗಿಗೆ ಹಿಮದಿಂದ ಆಸರೆಯಂತೆ, ವಸಂತದಲ್ಲಿ ತೆಗೆದರೆ ಸಾಕಂತೆ.

ಮತ್ತೆ ಅಕ್ಟೋಬರ್ ಬಂದಿದೆ. ನಿನ್ನೆ ಗಿಡದ ಬಳಿ ಬಗ್ಗಿ ನೋಡಿದೆ. ಈ ವರ್ಷ ಚಿಗುರಿದ ಕಡ್ಡಿಗಳ ತುದಿಯಲ್ಲಿ ದಪ್ಪ ಮೊಗ್ಗುಗಳಿವೆ.