ಬಿಸಿಲೂರಿನಲ್ಲಿ ಕಾಫಿ ಬೀಜ

ಚಿಕ್ಕಮಗಳೂರಿನಿಂದ ತಂದ ಕಾಫಿ ಬೀಜದ ಪೊಟ್ಟಣ ಇವತ್ತು ಬೆಳಿಗ್ಗೆ ಬಿಚ್ಚಿದೆ. ಪೀಬೆರಿ, ಅಂದರೆ ಹಣ್ಣಿನೊಳಗೆ ಒಂಟಿಯಾಗಿ ಬೆಳೆಯುವ ದುಂಡು ಬೀಜ. ಕಾಲು ಕೆಜಿ ಅಷ್ಟೇ. ಮೊದಲೆಲ್ಲ ಒಂದೇ ಸಲ ಒಂದು ಕೆಜಿ ಪುಡಿ ತರುತ್ತಿದ್ದೆ. ನಮ್ಮ ಬಳ್ಳಾರಿ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಎರಡು ವಾರಕ್ಕೆ ಘಮ ಹೋಗಿ ಬರೀ ಕಹಿ ಉಳಿಯುತ್ತಿತ್ತು. ಫ್ರಿಜ್‌ನಲ್ಲಿಟ್ಟರೆ ತೇವ, ಜೊತೆಗೆ ಈರುಳ್ಳಿ ವಾಸನೆ.

ಈಗ ಹುರಿದ ತಾರೀಖು ನೋಡಿ ಬೀಜವನ್ನೇ ತರುತ್ತೇನೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಒಲೆಯಿಂದ ದೂರ, ಜೋಳದ ಡಬ್ಬದ ಹಿಂದೆ ಇಡುತ್ತೇನೆ. ಮರದ ನೆರಳಲ್ಲಿ ಬೆಳೆದು ಈ ಬಿಸಿಲಿಗೆ ಬಂದಿದೆ ಪಾಪ. ಅದಕ್ಕೊಂದು ತಂಪು ಮೂಲೆ ಕೊಡದಿದ್ದರೆ ಹೇಗೆ, ಅಲ್ವಾ?

ಪುಡಿ ಮಾಡೋಕೆ ಮಿಕ್ಸಿಯ ಚಿಕ್ಕ ಜಾರ್ ಸಾಕು. ಒಂದೇ ಸಮ ಓಡಿಸಿದರೆ ಬಿಸಿಯಾಗಿ ಘಮ ಅಲ್ಲೇ ಹಾರಿಹೋಗುತ್ತದೆ. ನಿಲ್ಲಿಸಿ ನಿಲ್ಲಿಸಿ ತಿರುಗಿಸುತ್ತೇನೆ, ನಡುವೆ ಜಾರ್ ಅಲ್ಲಾಡಿಸುತ್ತೇನೆ. ಬೆರಳಿಗೆ ಸಣ್ಣ ರವೆಯಂತೆ ಸಿಕ್ಕರೆ ಸರಿ. ತೀರಾ ನುಣ್ಣಗಾದರೆ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುವುದೇ ಇಲ್ಲ.

ಮುಚ್ಚಳ ತೆಗೆದೆ. ದೇವರ ಮನೆಯಿಂದಲೇ ಅವ್ವ ಕೇಳಿದಳು, "ಹೊಸ ಬೀಜ ಬಂತೇನಪ್ಪಾ? ನನಗೂ ಒಂದು ಲೋಟ ಇಡು."