ಕರೆಂಟ್ ಹೋಗಿ ಬಂದ ಮೇಲೆ ನಿಂತುಹೋದ ಪೆಲೆಟ್ ಸ್ಟೌ: ರಿಪೇರಿ ಎಲ್ಲಿಗೆ ಬಂತು

ಮರದ ಪುಡಿ ಒತ್ತಿ ಮಾಡಿದ ಪುಟ್ಟ ಗುಳಿಗೆಗಳನ್ನು (ಪೆಲೆಟ್) ಸುಟ್ಟು ಮನೆ ಬಿಸಿ ಮಾಡುವ ಸ್ಟೌ ಇದು. ಉರಿಯುತ್ತಿರುವಾಗಲೇ ಕರೆಂಟ್ ಹೋಯಿತು. ವಾಪಸ್ ಬಂದದ್ದೂ ಒಂದೇ ಸಲಕ್ಕಲ್ಲ. ಬಂತು, ಹೋಯಿತು, ಮತ್ತೆ ಬಂತು. ಆಮೇಲೆ ನೋಡಿದರೆ ಡಿಸ್‌ಪ್ಲೇ ಖಾಲಿ, ಒಂದು ಫ್ಯಾನೂ ತಿರುಗುತ್ತಿಲ್ಲ. ಪ್ಲಗ್ ಪಾಯಿಂಟ್‌ನಲ್ಲಿ ಮಾತ್ರ 230 ವೋಲ್ಟ್ ಸರಿಯಾಗಿಯೇ ಇದೆ.

ಪ್ಲಗ್ ಕಿತ್ತು, ಸ್ಟೌ ಪೂರ್ತಿ ಆರಿದ ಮೇಲೆ ಪಕ್ಕದ ತಗಡು ಬಿಚ್ಚಿದೆ. ಸ್ಟೌ ನಡೆಸುವ ಕಂಟ್ರೋಲ್ ಬೋರ್ಡಿನ 5 ಆಂಪ್ ಗಾಜಿನ ಫ್ಯೂಸ್ ಹೋಗಿತ್ತು. ಹೊಸದನ್ನು ಹಾಕುವ ಮೊದಲು ಹಳೆಯದನ್ನು ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ತಂತಿ ನಡುವೆ ಮಾತ್ರ ಕರಗಿ ತುಂಡಾಗಿದ್ದರೆ ಲೋಡ್ ಸ್ವಲ್ಪ ಹೆಚ್ಚಾಗಿತ್ತು ಅಂತ. ಇದರಲ್ಲಿ ತಂತಿಯ ಗುರುತೇ ಇರಲಿಲ್ಲ, ಗಾಜಿನ ಒಳಗೆಲ್ಲ ಹೊಳೆಯುವ ಕಪ್ಪು ಲೇಪ. ಎಲ್ಲೋ ನೇರ ಶಾರ್ಟ್ ಆಗಿದೆ. ಅದನ್ನು ಹುಡುಕದೆ ಹೊಸ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ.

ಆಗರ್ (ಪೆಲೆಟ್‌ಗಳನ್ನು ಬೆಂಕಿಗೆ ತಳ್ಳುವ ತಿರುಪು) ಮೋಟಾರ್, ಹೊಗೆ ಎಳೆಯುವ ಬ್ಲೋವರ್, ಬಿಸಿಗಾಳಿ ಬ್ಲೋವರ್, ಬೆಂಕಿ ಹೊತ್ತಿಸುವ ಇಗ್ನೈಟರ್ ಎಲ್ಲದರ ಕನೆಕ್ಟರ್‌ಗಳನ್ನೂ ಫೋಟೋ ತೆಗೆದುಕೊಂಡು ಬಿಚ್ಚಿದೆ. ಬೋರ್ಡ್ ಒಂದನ್ನೇ 60 ವಾಟ್ ಫಿಲಮೆಂಟ್ ಬಲ್ಬಿನ ಸೀರೀಸ್‌ನಲ್ಲಿ ಇಟ್ಟು ಕರೆಂಟ್ ಕೊಟ್ಟರೆ ಬಲ್ಬ್ ಪೂರ್ತಿ ಉರಿಯಿತು. ಶಾರ್ಟ್ ಇಲ್ಲದಿದ್ದರೆ ಹಾಗೆ ಉರಿಯುವುದಿಲ್ಲ. ಅಂದರೆ ಮೋಟಾರ್‌ಗಳ ತಪ್ಪಲ್ಲ, ಶಾರ್ಟ್ ಬೋರ್ಡಿನಲ್ಲೇ ಇದೆ.

ಫ್ಯೂಸಿನ ಪಕ್ಕದಲ್ಲೇ ನೀಲಿ ಬಿಲ್ಲೆಯಂಥ ವೇರಿಸ್ಟರ್. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು, ಬುಡದಲ್ಲಿ ಮಸಿ. ಒಂದು ಕಾಲಿನ ಬೆಸುಗೆ ಬಿಡಿಸಿ ಅಳೆದರೆ ಮೀಟರ್ ಬೀಪ್ ಎಂದಿತು. ಸರಿಯಿದ್ದರೆ ಓಪನ್, ಅಂದರೆ ಸಂಪರ್ಕವಿಲ್ಲ ಎಂದು ತೋರಿಸಬೇಕಿತ್ತು. ವೋಲ್ಟೇಜ್ ಏರಿದಾಗ ಅದನ್ನು ತಾನು ಹೀರಿಕೊಂಡು ಫ್ಯೂಸ್ ಹಾರಿಸುವುದೇ ಇದರ ಕೆಲಸ. ಈ ಪುಟ್ಟ ಬಿಲ್ಲೆ ಇದ್ದದ್ದಕ್ಕೇ ಅದರ ಹಿಂದಿರುವ, ಮೋಟಾರ್‌ಗಳಿಗೆ ಕರೆಂಟ್ ಬಿಡುವ ಟ್ರಯಾಕ್‌ಗಳೆಲ್ಲ ಉಳಿದಿವೆ. ಅದರ ಮೇಲಿದ್ದ 14ಡಿ471 ನಂಬರಿನದನ್ನೇ ತಂದು ಹಾಕಿದೆ. ಈ ಸಲ ಬಲ್ಬ್ ಉರಿಯಲಿಲ್ಲ, ಡಿಸ್‌ಪ್ಲೇ ಬಂತು!

ಇಗ್ನೈಟರ್ ಜೋಡಿಸುವ ಮುನ್ನ ಅದನ್ನೂ ಅಳೆದೆ. 300 ವಾಟ್‌ನದು, 230 ವೋಲ್ಟ್‌ಗೆ ಲೆಕ್ಕ ಹಾಕಿದರೆ 176 ಓಮ್. ಮೀಟರ್ ಅದರ ಆಸುಪಾಸೇ ತೋರಿಸಿತು. ತುದಿಗಳಿಗೂ ಲೋಹದ ಮೈಗೂ ಸಂಪರ್ಕವಿಲ್ಲ.

ಬಲ್ಬ್ ತೆಗೆದು ಹೊಸ ಫ್ಯೂಸ್ ಹಾಕಿದೆ. ಬ್ಲೋವರ್ ತಿರುಗಿತು, ಇಗ್ನೈಟರ್ ಬಿಸಿಯಾಯಿತು, ಆದರೆ ಪೆಲೆಟ್ ಬೀಳಲಿಲ್ಲ. ನನ್ನ ಮಾಡೆಲ್‌ನಲ್ಲಿ ಆಗರ್‌ಗೆ ಹೋಗುವ ಲೈನು ಪ್ರೆಷರ್ ಸ್ವಿಚ್ (ಹೊಗೆಯ ಎಳೆತ ಸರಿಯಿದೆಯೇ ಎಂದು ನೋಡುವುದು) ಮತ್ತು ಹೈ ಲಿಮಿಟ್ ಸ್ವಿಚ್ (ಬಿಸಿ ಹೆಚ್ಚಾದರೆ ಲೈನು ಕಡಿಯುವುದು) ಎರಡನ್ನೂ ದಾಟಿ ಹೋಗುತ್ತದೆ. ಮತ್ತೆ ಪ್ಲಗ್ ಕಿತ್ತು ನೋಡಿದೆ. ಪ್ರೆಷರ್ ಸ್ವಿಚ್ಚಿನ ರಬ್ಬರ್ ಟ್ಯೂಬಿನಲ್ಲಿ ಬೂದಿ ಕಟ್ಟಿಲ್ಲ. ಲಿಮಿಟ್ ಸ್ವಿಚ್ ಮಾತ್ರ ಓಪನ್. ಯೋಚಿಸಿದರೆ ಇದೂ ಅದೇ ಕರೆಂಟಿನ ಕಥೆ: ಉರಿಯುವಾಗ ಬ್ಲೋವರ್‌ಗಳು ಹಠಾತ್ತಾಗಿ ನಿಂತಾಗ ಬಿಸಿ ಒಳಗೇ ಉಳಿಯಿತು, ಸ್ವಿಚ್ ಟ್ರಿಪ್ ಆಯಿತು. ಅದರ ನಡುವಿನ ಕೆಂಪು ಗುಂಡಿ ಒತ್ತಿದೆ, ಟಕ್ ಎಂದು ಕೂತಿತು. ಇದನ್ನು ವೈರ್ ಹಾಕಿ ಬೈಪಾಸ್ ಮಾಡುವವರಿದ್ದಾರೆ, ದಯವಿಟ್ಟು ಬೇಡ. ಪೆಲೆಟ್ ತುಂಬಿದ ಡಬ್ಬಕ್ಕೆ ಬೆಂಕಿ ಹಿಂದಕ್ಕೆ ಏರುವ ಮೊದಲೇ ಆಗರ್ ನಿಲ್ಲಿಸಲು ಇರುವುದು ಅದೇ.

ಪೆಲೆಟ್ ಉರಿಯುವ ಬಟ್ಟಲಲ್ಲಿ ಅರೆಬೆಂದು ಉಳಿದಿದ್ದ ಪೆಲೆಟ್‌ಗಳನ್ನು ಬಳಿದು ತೆಗೆದ ಮೇಲೆ ಹೊತ್ತಿಸಿದೆ. ಜ್ವಾಲೆ ಚೆನ್ನಾಗಿದೆ.

ಕರೆಂಟ್ ಹೋದಾಗ ಬ್ಲೋವರ್‌ಗಳು ಮತ್ತೆ ಹೀಗೆ ನಿಲ್ಲದಿರಲು ಇನ್ನು ಬಾಕಿ ಇರುವುದು ಯುಪಿಎಸ್. ಪ್ಯೂರ್ ಸೈನ್ ವೇವ್‌ನದೇ, ಅಂದರೆ ಮನೆಯ ಕರೆಂಟಿನಂತೆ ನುಣುಪಾದ ಅಲೆ ಕೊಡುವುದೇ ಬೇಕು. ಬೋರ್ಡು ಅಲೆ ಸೊನ್ನೆ ದಾಟುವ ಕ್ಷಣವನ್ನು ನೋಡಿಕೊಂಡು ಬ್ಲೋವರ್‌ನ ವೇಗವನ್ನು ಹತೋಟಿಯಲ್ಲಿಡುತ್ತದೆ, ಮೆಟ್ಟಿಲಿನಂಥ ಅಲೆ ಕೊಟ್ಟರೆ ಆ ಲೆಕ್ಕ ತಪ್ಪಿ ಮೋಟಾರ್ ಗುಂಯ್‌ಗುಟ್ಟಿ ಬಿಸಿಯಾಗಬಹುದು. ಯುಪಿಎಸ್ ಬಂದ ಮೇಲೆ ಪರೀಕ್ಷೆ ಮಾಡುವಾಗ ಅದರ ಪ್ಲಗ್ ಕೀಳುವುದಿಲ್ಲ, ಕಿತ್ತರೆ ಅರ್ಥಿಂಗೂ ತಪ್ಪುತ್ತದೆ. ಎಂಸಿಬಿ ಇಳಿಸಿ ನೋಡುತ್ತೇನೆ.