ಚಳಿಗಾಲ ಇಲ್ಲದ ಊರಿನವರು ಯಾವುದಕ್ಕೆ ಕೂಡಿಡ್ತೀರಿ?

"ನಿಮ್ಮೂರಲ್ಲಿ ಚಳಿಗಾಲವೇ ಇಲ್ಲ ಅಂತೀಯ. ಹಾಗಾದ್ರೆ ನಿಮ್ಮ ಜನ ಯಾವುದಕ್ಕೆ ಅಂತ ಕೂಡಿಡ್ತಾರೆ?"

ಹೋದ ವಾರ ಪಕ್ಕದ ಮನೆಯಾಕೆ ನನ್ನನ್ನು ಕೇಳಿದ ಮಾತಿದು. ಕೊಂಕಿನ ಮಾತಲ್ಲ, ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದರು. ಆದರೂ ನನಗೆ ಎಲ್ಲೋ ಚುರುಕ್ ಅಂದಿತು. ಮಂಡ್ಯದ ರೈತನ ಮಗಳು ನಾನು. ಈ ಪ್ರಶ್ನೆಗೆ ನನ್ನ ಹತ್ತಿರ ಎರಡು ಉತ್ತರ ಇದ್ದವು. ಒಂದು ಅಜ್ಜಿಯದು, ಇನ್ನೊಂದು ಅಪ್ಪನದು. ಎರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲ.

ನಾವಿರುವುದು ವೇಲ್ಸ್‌ನ ಪಶ್ಚಿಮಕ್ಕೆ, ಸೆರೆಡಿಗಿಯನ್ ಕಡೆಯ ಒಂದು ಹಳ್ಳಿಯಲ್ಲಿ. ಪಕ್ಕದಾಕೆಗೆ ಎಪ್ಪತ್ತು ದಾಟಿದೆ. ಐದಾರು ಎಕರೆ ಜಮೀನು, ಒಂದಷ್ಟು ಕುರಿ, ಕೋಳಿ, ಮನೆ ಹಿಂದೆ ತರಕಾರಿ ಮಡಿ. ಗಂಡ ತೀರಿಹೋಗಿದ್ದಾರೆ. ಸರ್ಕಾರದ ಪಿಂಚಣಿ, ಸಂತೆಯಲ್ಲಿ ಕುರಿಮರಿ ಮಾರಿದ ದುಡ್ಡು, ಇಷ್ಟೇ ಆದಾಯ. ಊರಿಗೆ ಫೋನ್ ಮಾಡಿದಾಗ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಫಾರಿನ್ನಿನ ರೈತರಿಗೂ ಕೈ ಬಿಗಿ ಇರುತ್ತೆ ಅನ್ನೋದು ನಮ್ಮವರ ತಲೆಗೆ ಹೋಗುವುದೇ ಇಲ್ಲ.

ಇಲ್ಲಿ ಚಳಿಗಾಲ ಅಂದರೆ ಹಿಮಕ್ಕಿಂತ ಜಾಸ್ತಿ ಮಳೆ, ಗಾಳಿ, ಕತ್ತಲೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಮಣ್ಣಿನ ಕಾವು 5-6 ಡಿಗ್ರಿಗಿಂತ ಕೆಳಗಿಳಿದರೆ ಹುಲ್ಲು ಬೆಳೆಯುವುದೇ ನಿಂತುಹೋಗುತ್ತದೆ. ಬೆಳಕು ಸಾಲದೆ ಕೋಳಿಗಳು ಮೊಟ್ಟೆ ನಿಲ್ಲಿಸುತ್ತವೆ. ಹೊಲದಿಂದ ಬರುವುದೆಲ್ಲ ನಿಂತು, ಹೊಲಕ್ಕೆ ಕೊಡಬೇಕಾದ್ದು ಮಾತ್ರ ಉಳಿಯುವ ನಾಲ್ಕು ತಿಂಗಳು ಅದು.

ಅವರು ಪ್ರಶ್ನೆ ಕೇಳಿದ್ದು ಹುಲ್ಲಿನ ಕಟ್ಟು ಎಣಿಸುತ್ತಾ. ಕೊಟ್ಟಿಗೆ ಬಾಗಿಲಿನ ಒಳಗಡೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದಿದ್ದರು. ಒಂದು ಕುರಿಗೆ ದಿನಕ್ಕೆ ಸುಮಾರು ಒಂದೂವರೆ ಕೆಜಿ ಒಣಹುಲ್ಲು. 120 ದಿನಕ್ಕೆ 180 ಕೆಜಿ. ಒಂದು ಕಟ್ಟು 20 ಕೆಜಿ ಅಂದರೆ ಕುರಿಗೆ ಒಂಬತ್ತು ಕಟ್ಟು. ಅಟ್ಟದಲ್ಲಿರುವ ಕಟ್ಟುಗಳನ್ನು ಒಂಬತ್ತರಿಂದ ಭಾಗಿಸಿದರೆ ಎಷ್ಟು ಕುರಿ ಉಳಿಯಬಹುದು ಅನ್ನೋದು ಬಂತು. ಮಿಕ್ಕಿದ್ದನ್ನು ಮೈತುಂಬಿಕೊಂಡು ಇರುವಾಗಲೇ, ಅಕ್ಟೋಬರ್‌ನಲ್ಲೇ ಸಂತೆಗೆ ಹೊಡೆದುಬಿಟ್ಟರು. ಅದರಲ್ಲಿ ಅವರೇ ಬಾಟಲಿ ಹಾಲು ಕುಡಿಸಿ ಸಾಕಿದ ಒಂದು ಕುರಿಯೂ ಇತ್ತು. ಅದರ ಕಿವಿ ಸವರಿ ಗಾಡಿಗೆ ಹತ್ತಿಸಿದರು. ನನ್ನ ಮಗ ಅತ್ತ. "ಈಗ ಮಾರದಿದ್ದರೆ ಫೆಬ್ರುವರಿಯಲ್ಲಿ ಎಲ್ಲವೂ ಅರೆಹೊಟ್ಟೆ ಇರ್ತಾವೆ ಮರಿ" ಅಂತ ಅವನಿಗೆ ಸಮಾಧಾನ ಹೇಳಿದರು.

ದುಡ್ಡು ಕೊಟ್ಟು ತರುವುದು ಅವರ ಪಟ್ಟಿಯಲ್ಲಿ ಬಹಳ ಕಡಿಮೆ. ಉಣ್ಣೆಯನ್ನೇ ನೋಡಿ. ಇತ್ತೀಚಿನ ವರ್ಷಗಳಲ್ಲಿ ಎಷ್ಟೋ ಸಲ ಉಣ್ಣೆಯ ಬೆಲೆ ಕತ್ತರಿಸುವವರ ಕೂಲಿಗೂ ಸಾಲುತ್ತಿರಲಿಲ್ಲ. ಹಾಗಾಗಿ ಅವರು ಉಣ್ಣೆಯನ್ನು ಮಾರದೆ ಇಟ್ಟುಕೊಂಡು, ನೀರಿನ ಪೈಪು ಹೆಪ್ಪುಗಟ್ಟಿ ಒಡೆಯದ ಹಾಗೆ ಸುತ್ತುತ್ತಾರೆ. ಬಾಗಿಲ ಕೆಳಗಿನ ಸಂದಿಗೆ ಮರಳು ತುಂಬಿದ ಬಟ್ಟೆಚೀಲ. ಮನೆಯಲ್ಲಿ ಒಂದೇ ಕೋಣೆಗೆ ಬೆಂಕಿ, ಚಳಿಗಾಲವೆಲ್ಲ ವಾಸ ಅಲ್ಲೇ. ಇಲ್ಲಿ ಗ್ಯಾಸ್ ಪೈಪ್ ಬಂದಿಲ್ಲ, ಮನೆ ಬಿಸಿ ಮಾಡಲು ಸೀಮೆಎಣ್ಣೆಯ ಟ್ಯಾಂಕ್ ಇರುತ್ತದೆ. ಒಂದೇ ಸಲಕ್ಕೆ 500 ಲೀಟರ್ ತರಿಸಬೇಕು ಅನ್ನುತ್ತಾರೆ ಮಾರುವವರು. ಅಷ್ಟು ದುಡ್ಡು ಒಟ್ಟಿಗೆ ಎಲ್ಲಿಂದ ಬರಬೇಕು? ಅಕ್ಕಪಕ್ಕದ ಮನೆಗಳು ಸೇರಿ ತರಿಸಿಕೊಳ್ಳುತ್ತೇವೆ. ಹಾಗೆ ಮಾಡಿದರೆ ಬೆಲೆಯೂ ಸ್ವಲ್ಪ ಇಳಿಯುತ್ತದೆ.

ಸೌದೆಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಇಲ್ಲಿನ ಆ್ಯಶ್ ಮರಗಳಿಗೆ ರೋಗ ಬಂದು ಸಾಯುತ್ತಿವೆ. ಉರುಳಿಸಿದ ಮರದ ಕೊಂಬೆಗಳನ್ನು ಪಕ್ಕದ ಜಮೀನಿನವರು ಸುಮ್ನೆ ಕೊಡುತ್ತಾರೆ, ಸೀಳಿಕೊಳ್ಳುವ ಕಷ್ಟ ನಮ್ಮದು. ಈ ವರ್ಷ ಸೀಳಿದ್ದು ಮುಂದಿನ ವರ್ಷದ ಒಲೆಗೆ. ನೆಲಕ್ಕೆ ತಾಗದಂತೆ ಹಲಗೆ ಮೇಲೆ ಜೋಡಿಸಿ, ಮೇಲೆ ಮಾತ್ರ ತಗಡು ಹೊದಿಸಿ, ಪಕ್ಕಗಳನ್ನು ಗಾಳಿಗೆ ಬಿಡಬೇಕು. ತೇವ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆಯಾದರೆ ಮಾತ್ರ ಚೆನ್ನಾಗಿ ಉರಿಯುವುದು. ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿದು ನೋಡುತ್ತಾರೆ. ಟಣ್ ಅಂದರೆ ಒಣಗಿದೆ, ದಬ್ ಅಂದರೆ ಹಸಿ. 2024ರ ಡಿಸೆಂಬರ್‌ನಲ್ಲಿ ಡಾರಾ ಬಿರುಗಾಳಿ ಬೀಸಿ ಈ ಭಾಗದ ಎಷ್ಟೋ ಊರುಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಆಗ ನಮ್ಮ ಮನೆಯ ಅನ್ನ ಬೆಂದಿದ್ದು ಅವರ ಸೌದೆ ಒಲೆಯ ಮೇಲೆ.

ಆದರೆ ನನ್ನ ಮನಸ್ಸನ್ನು ಹಿಡಿದು ಊರಿಗೆ ಎಳೆದುಕೊಂಡು ಹೋಗಿದ್ದು ಆಲೂಗಡ್ಡೆ. ತೋಟದ ಒಣ ಮೂಲೆಯಲ್ಲಿ ಗೋಧಿ ಹುಲ್ಲು ದಪ್ಪಗೆ ಹಾಸಿ, ಆಲೂಗಡ್ಡೆ ಗುಡ್ಡೆ ಹಾಕಿ, ಮೇಲೆ ಮತ್ತೆ ಗೇಣುದ್ದ ಹುಲ್ಲು ಹೊದಿಸಿ, ಅದರ ಮೇಲೆ ಮಣ್ಣು ಏರಿಸಿ ಸಲಿಕೆ ಬೆನ್ನಿನಿಂದ ಸವರಿದರು. ನೆತ್ತಿಯಲ್ಲಿ ಒಂದು ಹಿಡಿ ಹುಲ್ಲು ಮಣ್ಣಿನಿಂದ ಹೊರಗೆ ಚಾಚಿಕೊಂಡಿರುವಂತೆ ಬಿಟ್ಟರು. ಒಳಗಿನ ಸೆಕೆ ಹೊರಗೆ ಹೋಗಲು. ಫ್ರಿಜ್ಜಿಲ್ಲ, ಕರೆಂಟಿಲ್ಲ, ಒಂದು ಪೈಸೆ ಖರ್ಚಿಲ್ಲ.

ಅಯ್ಯೋ, ಇದು ರಾಗಿ ತುಂಬಿಡುವ ನಮ್ಮ ನೆಲದ ಗುಂಡಿ, ಹಗೇವು ಅಲ್ವಾ ಅನ್ನಿಸಿತು.

ಅವ್ವನ ತವರು ನಾಗಮಂಗಲದ ಕಡೆ. ಮಳೆ ನಂಬಿದ ಬೆದ್ದಲು. ರಾಗಿ, ಅದರ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳ, ಹುಚ್ಚೆಳ್ಳು. ಆಚೆ ಹುರುಳಿ. ಅಜ್ಜಿಯ ಕೈಯಲ್ಲಿ ದುಡ್ಡು ಓಡಾಡಿದ್ದನ್ನು ನಾನು ನೋಡಿಯೇ ಇಲ್ಲ. ಆದರೆ ಮನೆಯಲ್ಲಿ ಇಲ್ಲ ಅನ್ನೋ ಮಾತು ಬರುತ್ತಿರಲಿಲ್ಲ. ಹುಣಸೆಹಣ್ಣು ಉಪ್ಪು ಬೆರೆಸಿ ಮಡಕೆಗೆ. ಅವರೆಕಾಳಿಗೆ ಕೆಮ್ಮಣ್ಣು ಕಟ್ಟಿ ಬಿಸಿಲಿಗೆ ಹಾಕಿ ವಾಡೆಗೆ, ಅಂದರೆ ಕಾಳು ತುಂಬುವ ದೊಡ್ಡ ಮಣ್ಣಿನ ಗುಡಾಣಕ್ಕೆ. ಬಿತ್ತನೆ ಕಾಳಿಗೆ ಬೂದಿ, ಬೇವಿನ ಸೊಪ್ಪು. ಮುಂಗಾರು ಹಿಡಿಯುವ ಮುಂಚೆ ಸೌದೆ, ಬೆರಣಿ ಎಲ್ಲ ಮಾಡಿನ ಕೆಳಗೆ. ರಾಗಿ ಹುಲ್ಲಿನ ಮೆದೆ ಮಳೆ ನೀರು ಒಳಗಿಳಿಯದ ಹಾಗೆ ಒಟ್ಟುವುದಕ್ಕೆ ಊರಲ್ಲಿ ಒಬ್ಬರೋ ಇಬ್ಬರೋ ಕೈ ಪಳಗಿದವರು ಇರುತ್ತಿದ್ದರು, ಅವರನ್ನೇ ಕರೆಸುತ್ತಿದ್ದರು. ಆಳಿಗೆ ಕೂಲಿ ಇಲ್ಲ, ಮುಯ್ಯಿ. ಇವತ್ತು ನಮ್ಮ ಕಣಕ್ಕೆ ಅವರು, ನಾಳೆ ಅವರ ಕಣಕ್ಕೆ ನಾವು.

ಇಷ್ಟೆಲ್ಲ ಆದ ಮೇಲೆ ಹಗೇವು. ಗಟ್ಟಿ ನೆಲದಲ್ಲಿ ಬಾಯಿ ಸಣ್ಣಗೆ, ಹೊಟ್ಟೆ ಅಗಲಕ್ಕೆ ತೋಡಿದ ಗುಂಡಿ. ಒಳಗೆ ಸುತ್ತ ಹುಲ್ಲು, ನಡುವೆ ರಾಗಿ, ಬಾಯಿಗೆ ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತುವುದು. ಗಾಳಿ ಆಡದ ಆ ಕತ್ತಲಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ನಾನು ಚಿಕ್ಕವಳಿದ್ದಾಗ ಒಮ್ಮೆ ಹಗೇವು ತೆಗೆದಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಚಪ್ಪಡಿ ಸರಿಸಿದ ತಕ್ಷಣ ಯಾರೂ ಇಳಿಯಲಿಲ್ಲ. ಬಹಳ ಹೊತ್ತು ಬಾಯಿ ತೆರೆದು ಬಿಟ್ಟರು. ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ನಿಧಾನಕ್ಕೆ ಇಳಿಬಿಟ್ಟರು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ, ಇಳಿದವನು ಸತ್ತ. ಅಜ್ಜಿ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡಿದ್ದಳು. ದೀಪ ಉರಿಯುತ್ತಲೇ ಇತ್ತು. ಗೋಡೆಗೆ ಅಂಟಿದ್ದ ರಾಗಿ ಕಪ್ಪಗಾಗಿತ್ತು, ನಡುವಿನದು ಕೆಂಪಗೆ ಇತ್ತು. ಆ ರಾಗಿಯ ಮುದ್ದೆಗೆ ಒಂದು ಮುಗ್ಗಲು ವಾಸನೆ. ಅಜ್ಜಿ ಮಾತ್ರ "ಬರಗಾಲದಲ್ಲಿ ನಮ್ಮನ್ನ ಉಳಿಸಿದ್ದು ಇದೇ ವಾಸ್ನೆ ಕನವ್ವ, ಮೂಗು ಮುರೀಬ್ಯಾಡ" ಅಂದಿದ್ದಳು.

ಅಪ್ಪನ ಊರಿನ ಕಥೆ ಬೇರೆ. ಅದು ವಿಶ್ವೇಶ್ವರಯ್ಯ ನಾಲೆಯ ಬಯಲು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ, ನಾಲೆ ಹರಿದು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದು, ನಮ್ಮ ಕಡೆಯ ಜನ ಕಂಡ ಏಳಿಗೆ ಸಣ್ಣದಲ್ಲ. ನಾನು ಓದಿದ್ದು ಕಬ್ಬಿನ ದುಡ್ಡಿನಲ್ಲಿ. ಆ ನೀರಿನ ಋಣ ತೀರಿಸಲು ಆಗುವುದಿಲ್ಲ. ಆದರೆ ನೀರು ಬಂದ ಮೇಲೆ ಕೂಡಿಡುವ ಬುದ್ಧಿ ಹೋಯಿತು ಅನ್ನೋದನ್ನೂ ಹೇಳಲೇಬೇಕು. ಗದ್ದೆಯೆಲ್ಲ ಕಬ್ಬು. ಮುದ್ದೆಯ ಹಿಟ್ಟು ಅಂಗಡಿಯಿಂದ, ಅವರೆಕಾಳು ಅಂಗಡಿಯಿಂದ. ರೇಷನ್ ಅಕ್ಕಿಯನ್ನು ನಾನು ಹಳಿಯುವುದಿಲ್ಲ, ಎಷ್ಟು ಮನೆಯ ಹಸಿವು ನೀಗಿದೆ. ಆದರೆ ಎರಡೂವರೆ ಎಕರೆ ಇರುವ ಮನೆಯಲ್ಲಿ ಒಂದು ಮೂಟೆ ರಾಗಿಯೂ ಇಲ್ಲ ಅಂದರೆ ಹೇಗೆ? ಕಬ್ಬು ಕಳಿಸಿದ 14 ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನಿದೆ. ಅಪ್ಪ ತಿಂಗಳುಗಟ್ಟಲೆ ಕಾದಿದ್ದಾನೆ. ಆ ತಿಂಗಳುಗಳಲ್ಲಿ ಮನೆ ನಡೆದಿದ್ದು ಬಡ್ಡಿ ಸಾಲದಲ್ಲಿ. ಅದೇ ಸಾಲದ ಮೇಲೆ ಮತ್ತೆ ಸಾಲ ತೆಗೆದು ಅಕ್ಕನ ಮದುವೆ ಜೋರಾಗಿ ಮಾಡಿದರು, ಊರವರು ಏನಂತಾರೋ ಅಂತ.

ಇನ್ನೊಂದು ಸಂಕಟ ನನಗೆ. ರಾಗಿಯ ಎಷ್ಟೋ ಹೊಸ ತಳಿಗಳು ಹುಟ್ಟಿದ್ದು ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲೇ. ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮದರ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಎಷ್ಟೋ ಮನೆಯ ಕಣ ತುಂಬಿತು. ಆ ಫಾರಂಗೆ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ ಇರುವ ನಮ್ಮೂರಲ್ಲಿ ರಾಗಿ ಹೊಲ ಹುಡುಕಿದರೂ ಸಿಗುವುದಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತಲ್ಲ, ಕಟ್ಟೆಯಲ್ಲಿ 124.80 ಅಡಿ ಇರಬೇಕಾದ ನೀರು ಸೆಪ್ಟೆಂಬರ್‌ನಲ್ಲಿ 100 ಅಡಿಗಿಂತ ಕೆಳಗಿತ್ತು. ಮಂಡ್ಯ ಬಂದ್ ಆಯಿತು, ರೈತರು ರಸ್ತೆಯಲ್ಲಿ ಕೂತರು. ಕೂರಬೇಕಾದ್ದೇ. ಆದರೆ ಅದರ ಮುಂದಿನ ಬೇಸಿಗೆಯಲ್ಲಿ ನಮ್ಮ ಬೀದಿಯವರು ಹಸು ಮಾರಿದ್ದು ಮೇವು ಮುಗಿದು, ಪಕ್ಕೆಲುಬು ಎಣಿಸುವ ಹಾಗಾದ ಮೇಲೆ. ಕೇಳಿದಷ್ಟಕ್ಕೆ ಕೊಟ್ಟರು. ಇಲ್ಲಿ ಸೀಮೆಸುಣ್ಣದ ಲೆಕ್ಕ ನೋಡಿದಾಗ ನನಗೆ ನೆನಪಾಗಿದ್ದು ಆ ಹಸುಗಳು. ಬೇಸಿಗೆ ಬರುತ್ತೆ ಅಂತ ನಮಗೂ ಗೊತ್ತಿತ್ತು. ಹುಲ್ಲು ಎಷ್ಟಿದೆ, ಬಾಯಿ ಎಷ್ಟಿವೆ ಅಂತ ದೀಪಾವಳಿ ಹೊತ್ತಿಗೇ ಕೂತು ಎಣಿಸಿದವರು ಯಾರೂ ಇರಲಿಲ್ಲ.

ಪಕ್ಕದಾಕೆಗೆ ನಾನು ಅಜ್ಜಿಯ ಉತ್ತರ ಹೇಳಿದೆ. ನಮಗೂ ಏನೂ ಬೆಳೆಯದ ಕಾಲ ಇದೆ, ಅದು ಬಿಸಿಲಿನದು, ಮಳೆ ಬಾರದ ವರ್ಷದ್ದು, ಅದಕ್ಕೆ ಕೂಡಿಡುತ್ತಿದ್ದೆವು ಅಂದೆ. ಹಗೇವನ್ನು ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದೆ. ಲಾಟೀನು ಇಳಿಬಿಡುವುದನ್ನು ಕೇಳಿ ಅವರು ಎರಡೆರಡು ಸಲ ಹೇಳಿಸಿಕೊಂಡರು. ನನ್ನ ಮಗ ಅಲ್ಲೇ ನಿಂತಿದ್ದ. ಆ ಭಾನುವಾರ ಊರಿಗೆ ಫೋನ್ ಮಾಡಿದಾಗ ಅವನೇ ಮೊದಲು ಕಿತ್ತುಕೊಂಡು ಕೇಳಿದ, "ತಾತ, ನಿಮ್ಮ ಹಸುಗೆ ಎಷ್ಟು ದಿನಕ್ಕೆ ಹುಲ್ಲಿದೆ?"

ಅಪ್ಪ ನಕ್ಕ. "ನಾಳೆಗದೆ ಕನ್ಲಾ ಮಗ. ದಿನಾ ಗದ್ದೆ ಬದಿಂದ ಕುಯ್ಕೊ ಬತ್ತೀವಿ."

"ನಾಡಿದ್ದಿಗೆ?"

ಅಪ್ಪ ಫೋನನ್ನು ತಮ್ಮನ ಕೈಗೆ ಕೊಟ್ಟ. ನಾನು ಮಾತು ಬಿಡಲಿಲ್ಲ. ಹಳೇ ಬುಡದಿಂದ ಚಿಗುರಿದ ಈ ಕೂಳೆ ಕಬ್ಬು ಕಡಿದ ಮೇಲೆ ಎಲ್ಲವನ್ನೂ ಮತ್ತೆ ಕಬ್ಬಿಗೆ ಬಿಡಬೇಡ, ಇಪ್ಪತ್ತು ಗುಂಟೆಗೆ ರಾಗಿ ಹಾಕು, ನಡುವೆ ಅವರೆ ಅಕ್ಕಡಿ ಬಿಡು ಅಂದೆ. ಕಾಳು ಮನೆಗೆ, ಹುಲ್ಲು ಹಸುಗೆ. ಅವನದೂ ನ್ಯಾಯವಾದ ಮಾತೇ. "ಕುಯ್ಯಕ್ಕೆ ಆಳು ಎಲ್ಲವ್ರೆ ಅಕ್ಕ? ಮುಯ್ಯಿ ಗಿಯ್ಯಿ ಎಲ್ಲ ಹೋಯ್ತು. ಹಗೇವು ತೋಡೋರು ಯಾರು?" ಹಗೇವು ಬೇಡ, ಚೆನ್ನಾಗಿ ಒಣಗಿಸಿ ಬೇವಿನ ಸೊಪ್ಪು ಹಾಕಿ ಮುಚ್ಚಳ ಗಟ್ಟಿ ಇರುವ ಡ್ರಮ್ಮಿಗೆ ತುಂಬು ಸಾಕು ಅಂದೆ. ಕುಯ್ಯುವ ಮೆಷಿನ್ ಬಾಡಿಗೆ ನಾನು ಕಳಿಸುತ್ತೇನೆ. ಹಿಂದಿನಿಂದ ಅವ್ವನ ದನಿ ಕೇಳಿಸಿತು, ಮೆದೆ ಒಟ್ಟೋದು ಎಂಗೆ ಅಂತ ನಂಗೊತ್ತು, ನಾನು ಹೇಳಿಕೊಡ್ತೀನಿ ಬುಡು ಅಂತ.

ತಮ್ಮ ಇಪ್ಪತ್ತು ಗುಂಟೆಗೆ ಒಪ್ಪಿಲ್ಲ. ಹತ್ತು ಗುಂಟೆ ನೋಡೋಣ ಅಂದಿದ್ದಾನೆ. ಜೂನ್ ಒಳಗೆ ವಿ.ಸಿ. ಫಾರಂಗೆ ಹೋಗಿ ಬಿತ್ತನೆ ರಾಗಿ ಕೇಳಿಕೊಂಡು ಬರುವುದು ಅವನ ಕೆಲಸ.